ಟ್ಯಾಂಕ್ ತೊಳೆದ ಮೇಲೆ ವೇಪ್ ಸೋರುತ್ತಿದೆ, ಎಳೆದರೆ ಗುಳುಗುಳು ಶಬ್ದ ಬೇರೆ. ಏನು ಮಾಡೋದು?

ತೀರ್ಥಹಳ್ಳಿ_ರೆಡಿಂಗ್

ಎಲ್ಲರಿಗೂ ನಮಸ್ಕಾರ. ಯುಕೆಯಲ್ಲಿದ್ದು ಸಿಗರೇಟು ಬಿಡೋಕೆ ಅಂತ ವೇಪ್ (ಇ-ಸಿಗರೇಟು) ಹಿಡಿದವರಿಗೆ ಈ ಪ್ರಶ್ನೆ. 2025ರ ಜೂನ್ 1ಕ್ಕೆ ಇಲ್ಲಿ ಸೇದಿ ಬಿಸಾಡುವ ವೇಪ್‌ಗಳ ಮಾರಾಟ ನಿಂತಿತು. ಆಮೇಲೆ ನಾನು ಲಿಕ್ವಿಡ್ ತುಂಬಿಸಿಕೊಳ್ಳುವ ಗಾಜಿನ ಟ್ಯಾಂಕಿಗೆ ಬದಲಾದೆ. 2 ಎಂಎಲ್ ಟ್ಯಾಂಕ್, 1.2 ಓಮ್ ಕಾಯಿಲ್ (ಲಿಕ್ವಿಡ್ ಕಾಯಿಸಿ ಆವಿ ಮಾಡುವ, ತಂತಿ ಹತ್ತಿ ಇರುವ ಬಿಡಿಭಾಗ), ಪಿಜಿ (ತೆಳ್ಳಗಿನ ಪ್ರೊಪಿಲೀನ್ ಗ್ಲೈಕಾಲ್) ವಿಜಿ (ದಪ್ಪನೆ ಗ್ಲಿಸರಿನ್) ಸಮಪಾಲಿನ ಫಿಫ್ಟಿ ಫಿಫ್ಟಿ ಲಿಕ್ವಿಡ್, 12 ವ್ಯಾಟ್ ಆಸುಪಾಸು. ಇಷ್ಟು ದಿನ ಒಂದು ಹನಿಯೂ ಹೊರಗೆ ಬಂದಿರಲಿಲ್ಲ.

ಮೊನ್ನೆ ರುಚಿ ಕೆಟ್ಟಿದೆ ಅಂತ ಪೂರ್ತಿ ಬಿಚ್ಚಿ, ಬಿಸಿನೀರಲ್ಲಿ ಪಾತ್ರೆ ಸೋಪು ಹಾಕಿ ತೊಳೆದೆ. ಒರೆಸಿದೆ, ಹೊಸ ಕಾಯಿಲ್ ಹಾಕಿದೆ, ತುಂಬಿಸಿದೆ. ಅವತ್ತಿಂದ ಕೆಳಗಿನ ಗಾಳಿ ತೂತುಗಳಲ್ಲಿ ಜಿನುಗುತ್ತಿದೆ. ಎಳೆದರೆ ಗುಳುಗುಳು ಅನ್ನುತ್ತೆ, ಒಮ್ಮೊಮ್ಮೆ ಬಿಸಿ ಹನಿ ಸೀದಾ ನಾಲಿಗೆಗೇ ಬಂದು ಬೀಳುತ್ತೆ. ಕೋಟಿನ ಜೇಬು ಪೂರ್ತಿ ಜಿಗುಟು. ಅಂಗಡಿಯಲ್ಲಿ ತೋರಿಸಿದರೆ ಹೊಸ ಟ್ಯಾಂಕ್ ತಗೊಳ್ಳಿ ಅಂದರು. ಗಾಜು ಒಡೆದಿಲ್ಲ, ಎಲ್ಲೂ ಸೀಳು ಕಾಣಲ್ಲ. ತೊಳೆಯೋ ತನಕ ಸರಿಯಿದ್ದದ್ದು ತೊಳೆದ ತಕ್ಷಣ ಹಾಳಾಗುತ್ತಾ? ನಿಜ ಹೇಳಬೇಕಂದ್ರೆ ಈ ರಗಳೆಗೆ ಬೇಜಾರಾಗಿ ನಿನ್ನೆ ಸಿಗರೇಟಿನ ಅಂಗಡಿ ಮುಂದೆ ನಿಂತು ವಾಪಸ್ ಬಂದೆ.

ತುಮಕೂರು_ಮೆಕ್ಯಾನಿಕ್

ವಾಪಸ್ ಬಂದಿರಲ್ಲ, ಅದೇ ದೊಡ್ಡದು. ಟ್ಯಾಂಕ್ ವಿಷಯ ಸುಲಭ, ಸರಿ ಮಾಡೋಣ. ಹೊಸದು ಈಗಲೇ ತಗೋಬೇಡಿ.

ಮೊದಲು ಒಂದು ಸಂಗತಿ ಅರ್ಥ ಆದರೆ ಉಳಿದದ್ದೆಲ್ಲ ತಾನಾಗೇ ಅರ್ಥ ಆಗುತ್ತೆ. ನಿಮ್ಮ ಟ್ಯಾಂಕಿನ ಕೆಳಗೆ ಗಾಳಿ ತೂತು ಯಾವಾಗಲೂ ತೆರೆದೇ ಇದೆ, ಅದರ ಮೇಲೆ ಕಾಯಿಲ್ ಇದೆ, ಕಾಯಿಲ್ ಪಕ್ಕದ ತೂತುಗಳಲ್ಲಿ ಬರೀ ಹತ್ತಿ. ಹಾಗಿದ್ದೂ ಲಿಕ್ವಿಡ್ ಯಾಕೆ ಸುರಿಯಲ್ಲ? ಸ್ಟ್ರಾದಲ್ಲಿ ನೀರು ಎಳೆದು ಮೇಲಿನ ಬಾಯಿಗೆ ಬೆರಳು ಒತ್ತಿ ಹಿಡಿದರೆ ನೀರು ನಿಲ್ಲುತ್ತಲ್ಲ, ಅದೇ ಕಥೆ. ಟ್ಯಾಂಕಿನ ಮೇಲ್ಭಾಗದಲ್ಲಿ ಉಳಿದ ಗಾಳಿಯ ಒತ್ತಡ ಹೊರಗಿನದಕ್ಕಿಂತ ಸ್ವಲ್ಪ ಕಮ್ಮಿ ಇರುತ್ತೆ. ಅದು ಲಿಕ್ವಿಡನ್ನು ಮೇಲಕ್ಕೆ ಹಿಡಿದಿರುತ್ತೆ, ಒದ್ದೆ ಹತ್ತಿ ಕೆಳಗಿಂದ ತಡೆಯುತ್ತೆ. ನೀವು ಎಳೆದು ಲಿಕ್ವಿಡ್ ಖರ್ಚಾದಾಗ ಹತ್ತಿ ಮೂಲಕ ಒಂದು ಸಣ್ಣ ಗುಳ್ಳೆ ಒಳಗೆ ಹೋಗುತ್ತೆ, ಗಾಜಿನಲ್ಲಿ ಕಣ್ಣಿಗೇ ಕಾಣುತ್ತೆ. ಆ ಗುಳ್ಳೆ ಮಾತ್ರ ಒಳಗೆ ಹೋಗಬೇಕು. ಬೇರೆ ಎಲ್ಲಿಂದಲೂ ಗಾಳಿ ನುಗ್ಗಬಾರದು.

ಹಾಗಾಗಿ ಕೆಳಗೆ ಸೋರುತ್ತಿದೆ ಅಂತ ಕೆಳಗೇ ಹುಡುಕಬೇಡಿ. ಮುಕ್ಕಾಲು ಪಾಲು ಸಲ ಕಾರಣ ಮೇಲೆ ಇರುತ್ತೆ. ಮುಚ್ಚಳದ ರಿಂಗ್ (ಸಂದಿ ಮುಚ್ಚುವ ಬಳೆ), ಗಾಜಿನ ಮೇಲಂಚಿನ ರಿಂಗ್, ಎಲ್ಲೋ ಒಂದು ಕಡೆ ಗಾಳಿ ಒಳಗೆ ಹೋಗುತ್ತಿರುತ್ತೆ, ಹೋದಷ್ಟು ಲಿಕ್ವಿಡ್ ಕೆಳಗೆ ಇಳಿಯುತ್ತೆ. ತೊಳೆಯುವಾಗ ನೀವು ಮುಟ್ಟಿದ್ದು ಇವನ್ನೇ ತಾನೇ. ಗಾಜು ಹಾಳಾಗಿಲ್ಲ, ಯಾವುದೋ ರಿಂಗ್ ಸರಿಯಾಗಿ ಕೂತಿಲ್ಲ.

ಎರಡು ವಿಷಯ ಹೇಳಿ. ಸೋರುವುದು ಗಾಳಿ ತೂತಿನಿಂದಲಾ ಅಥವಾ ಗಾಜು ತಳದ ಬೇಸ್‌ಗೆ ಸೇರುವ ಅಂಚಿನಿಂದಲಾ? ವೇಪ್ ಮುಟ್ಟದೆ ನಿಲ್ಲಿಸಿಟ್ಟರೂ ಸೋರುತ್ತಾ, ಇಲ್ಲ ಎಳೆದ ಮೇಲೆ ಮಾತ್ರವಾ?

ತೀರ್ಥಹಳ್ಳಿ_ರೆಡಿಂಗ್

ಥ್ಯಾಂಕ್ಸ್ ಅಣ್ಣ. ಗಾಳಿ ತೂತಿನಿಂದ. ರಾತ್ರಿ ಟಿಶ್ಯೂ ಮೇಲೆ ನಿಲ್ಲಿಸಿಟ್ಟಿದ್ದೆ, ಬೆಳಿಗ್ಗೆ ಟಿಶ್ಯೂ ಹಳದಿ ಆಗಿತ್ತು, ಟ್ಯಾಂಕ್ ಅರ್ಧ ಖಾಲಿ. ಅಂದರೆ ಮುಟ್ಟದಿದ್ದರೂ ಸೋರುತ್ತೆ.

ದಾವಣಗೆರೆ_ಬಾಯ್

ಗುರೂ, ಕಾಯಿಲ್ ಲೂಸ್ ಇರುತ್ತೆ ಅಷ್ಟೇ. ಬೇಸ್‌ಗೆ ಬಟ್ಟೆ ಸುತ್ತಿ ಇಕ್ಕಳದಲ್ಲಿ ಹಿಡಿದು ಟೈಟ್ ಮಾಡಿ. ನನ್ನ ಗೆಳೆಯ ಹಾಗೇ ಮಾಡೋದು.

ತುಮಕೂರು_ಮೆಕ್ಯಾನಿಕ್

ದಯವಿಟ್ಟು ಇಕ್ಕಳ ಬೇಡ. ಕಾಯಿಲ್ ಲೂಸ್ ಇರಬಹುದು ಅನ್ನುವುದು ಸರಿ, ಅದನ್ನ ನೋಡಲೇಬೇಕು. ಆದರೆ ಬೆರಳಿನ ಬಲಕ್ಕೆ ನಿಲ್ಲುವ ತನಕ ಸಾಕು. ರಿಂಗ್ ಅನ್ನುವುದು ಸಣ್ಣ ಸಿಲಿಕೋನ್ ಬಳೆ, ಜಾಸ್ತಿ ಒತ್ತಿದರೆ ಅದು ತಾನು ಕೂರುವ ತೋಡಿನಿಂದ ಹೊರಗೆ ಉಬ್ಬಿ ಬರುತ್ತೆ ಅಥವಾ ಕತ್ತರಿಸಿ ಹೋಗುತ್ತೆ. ಗಾಜಿನ ಅಂಚು ಚಕ್ಕೆ ಏಳುತ್ತೆ. ಮುಂದಿನ ಸಲ ಬಿಚ್ಚೋಕೂ ಆಗಲ್ಲ. ತಿರುಪಿನ ಸುತ್ತು (ಥ್ರೆಡ್) ವಾರೆಯಾಗಿ ಕೂತಿದ್ದರಂತೂ ಬಿಗಿ ಮಾಡಿದಷ್ಟೂ ಹಾಳು. ತಿರುಗಿಸುವ ಮೊದಲು ಒಮ್ಮೆ ಹಿಂದಕ್ಕೆ ತಿರುಗಿಸಿ, ಥ್ರೆಡ್ ಟಕ್ ಅಂತ ಕೂರುವುದು ಬೆರಳಿಗೆ ಗೊತ್ತಾಗುತ್ತೆ, ಆಮೇಲೆ ಮುಂದಕ್ಕೆ ತಿರುಗಿಸಿ.

ನೀಲಾ_ಲೆಸ್ಟರ್

ನಮ್ಮ ಮನೆಯಲ್ಲಿ ಯಜಮಾನರು ಸೇದೋದು, ತೊಳೆದು ಜೋಡಿಸೋದು ನಾನೇ, ಯಾಕಂದ್ರೆ ಅವರಿಗೆ ತಾಳ್ಮೆ ಇಲ್ಲ. ಹಾಗಾಗಿ ರಿಂಗ್ ವಿಷಯ ವಿವರವಾಗಿ ಬರೀತೀನಿ.

ಒಂದು ಬಿಳಿ ತಟ್ಟೆ ಇಟ್ಟುಕೊಳ್ಳಿ. ಟ್ಯಾಂಕ್ ಬಿಚ್ಚಿ ಎಲ್ಲ ಭಾಗಗಳನ್ನೂ ಬಿಚ್ಚಿದ ಕ್ರಮದಲ್ಲೇ ಸಾಲಾಗಿ ಇಡಿ. ಸಿಂಕ್ ಮೇಲೆ ಬಿಚ್ಚಲೇಬೇಡಿ, ಒಂದು ರಿಂಗ್ ಜಾರಿದರೆ ಪೈಪಿಗೆ ಹೋಯಿತು. ಈಗ ಮೊಬೈಲ್ ಟಾರ್ಚ್ ಹಾಕಿ ಒಂದೊಂದೇ ರಿಂಗ್ ನೋಡಿ. ಸರಿಯಾಗಿ ಕೂತ ರಿಂಗ್ ಸುತ್ತಲೂ ಒಂದೇ ಎತ್ತರ ಇರುತ್ತೆ, ಹೊಳಪು ಒಂದೇ ಸಮ ಇರುತ್ತೆ. ತಿರುಚಿಕೊಂಡಿದ್ದರೆ ಒಂದು ಕಡೆ ಸಣ್ಣ ಸುಕ್ಕು ಕಾಣುತ್ತೆ, ಬೆಳಕು ಅಲ್ಲಿ ಮುರಿದ ಹಾಗೆ ಹಾಯುತ್ತೆ. ಉಗುರಿನ ತುದಿ ಇಟ್ಟು ಮೆಲ್ಲಗೆ ಸುತ್ತ ಒಂದು ಸುತ್ತು ಎಳೆದರೆ ಎಲ್ಲಿ ಎದ್ದಿದೆ ಅಂತ ಗೊತ್ತಾಗುತ್ತೆ. ಹತ್ತಿಯ ಎಳೆ, ಟಿಶ್ಯೂ ಚೂರು, ತಲೆಗೂದಲು, ಇವು ಯಾವುದಾದರೂ ರಿಂಗ್ ಅಡಿಗೆ ಸಿಕ್ಕಿಕೊಂಡರೂ ಸಾಕು, ಗಾಳಿಗೆ ದಾರಿ ಆಯ್ತು. ತೊಳೆದ ಮೇಲೆ ಟಿಶ್ಯೂದಲ್ಲಿ ಒರೆಸುತ್ತೀವಲ್ಲ, ಆಗಲೇ ಆಗೋದು ಇದು.

ಗಾಜಿಗೆ ಮೇಲೊಂದು ಕೆಳಗೊಂದು ರಿಂಗ್ ಇರುತ್ತೆ. ಕೆಲವು ಟ್ಯಾಂಕ್‌ಗಳಲ್ಲಿ ಎರಡೂ ಒಂದೇ ಅಲ್ಲ. ಒಂದು ದಪ್ಪ, ಒಂದು ತೆಳ್ಳಗೆ. ತೊಳೆಯುವಾಗ ಎರಡೂ ಬಿಚ್ಚಿಬಂದು ಅದಲು ಬದಲಾದರೆ ಗಾಜು ಕೂತ ಹಾಗೇ ಕಾಣುತ್ತೆ, ಆದರೆ ಮುಚ್ಚಿರಲ್ಲ. ಗಾಜು ಹಾಕುವಾಗ ಒಣ ರಿಂಗಿನ ಮೇಲೆ ಒತ್ತಬೇಡಿ, ರಿಂಗ್ ಉರುಳಿಕೊಂಡು ಬಿಡುತ್ತೆ. ಬೆರಳ ತುದಿಯಲ್ಲಿ ಒಂದು ಚೂರು ಲಿಕ್ವಿಡನ್ನೇ ಸವರಿ, ಗಾಜನ್ನ ಸ್ವಲ್ಪ ತಿರುಗಿಸುತ್ತಾ ಇಳಿಸಿ. ಆಮೇಲೆ ಕೈ ತೊಳೆದುಕೊಳ್ಳಿ, ನಿಕೋಟಿನ್ ಚರ್ಮದಿಂದಲೂ ಒಳಗೆ ಹೋಗುತ್ತೆ.

ಒಂದು ಮಾತು ಒತ್ತಿ ಹೇಳ್ತೀನಿ. ಜಾರಲಿ ಅಂತ ಕೊಬ್ಬರಿ ಎಣ್ಣೆ, ವ್ಯಾಸಲಿನ್ ಸವರಬೇಡಿ. ನಮ್ಮಲ್ಲಿ ಏನೇ ಬಿಗಿಯಾದರೂ ಕೈ ಎಣ್ಣೆ ಬಾಟಲಿಗೇ ಹೋಗೋದು. ಎಣ್ಣೆ ಬಿಸಿಯಾಗಿ ಶ್ವಾಸಕೋಶಕ್ಕೆ ಹೋದರೆ ಅದು ಬೇರೆಯೇ ಕಾಯಿಲೆ.

ಪುತ್ತೂರು_ಗ್ಲಾಸ್ಗೋ

ನೀಲಕ್ಕ ಹೇಳಿದ್ದು ನೂರಕ್ಕೆ ನೂರು ಸರಿ ಮಾರಾಯ್ರೇ. ನನ್ನದೂ ಒಂದು ಸೇರಿಸ್ತೇನೆ, ನೀರಿನ ವಿಷಯ.

ಒರೆಸಿದೆ ಅಂತ ಬರೆದಿದ್ದೀರಿ. ಒರೆಸಿದರೆ ಹೊರಗೆ ಒಣಗುತ್ತದೆ, ಅಷ್ಟೇ. ಬೇಸಿನ ಒಳಗೆ, ಗಾಳಿ ಹೋಗುವ ಸಣ್ಣ ದಾರಿಯಲ್ಲಿ, ಥ್ರೆಡ್ ಸಂದಿಯಲ್ಲಿ, ಆವಿ ಬಾಯಿಗೆ ಬರುವ ಮಧ್ಯದ ಕೊಳವೆಯಲ್ಲಿ, ಅಂದರೆ ಚಿಮಣಿಯಲ್ಲಿ, ನೀರು ಕೂತಿರುತ್ತದೆ. ಆ ನೀರು ಲಿಕ್ವಿಡ್ಡಿಗೆ ಸೇರಿದರೆ ಲಿಕ್ವಿಡ್ ತೆಳ್ಳಗಾಗುತ್ತದೆ. ತೆಳ್ಳಗಾದದ್ದು ಹತ್ತಿ ದಾಟಿ ಬೇಗ ಇಳಿಯುತ್ತದೆ. ಮತ್ತೆ ನೀರು ಕಾಯಿಲ್ ಮೇಲೆ ಬಿದ್ದು ಚಟಚಟ ಸಿಡಿಯುತ್ತದೆ, ಬಾಯಿಗೆ ಬಿಸಿ ಹನಿ ಬರುವುದಕ್ಕೆ ಅದೂ ಒಂದು ಕಾರಣ. ತೊಳೆದ ಮೇಲೆ ಬೇಸನ್ನು ಜೋರಾಗಿ ಕೊಡವಬೇಕು, ತೂತುಗಳಿಗೆ ಬಾಯಿಂದ ಊದಬೇಕು, ಆಮೇಲೆ ಕಿಚನ್ ಪೇಪರ್ ಮೇಲೆ ಒಂದು ರಾತ್ರಿ ಪೂರ್ತಿ ಬಿಡಬೇಕು. ಇಲ್ಲಿನ ಚಳಿಗಾಲದಲ್ಲಿ ಒಂದು ರಾತ್ರಿಯೂ ಸಾಲುವುದಿಲ್ಲ ಕೆಲವೊಮ್ಮೆ.

ಸೋಪು ಹಾಕಿದರೆ ಎರಡು ಮೂರು ಸಲ ಬರೀ ನೀರಲ್ಲಿ ಜಾಲಿಸಬೇಕು. ರಿಂಗಿನ ಮೇಲೆ ಸೋಪಿನ ಪೊರೆ ಉಳಿದರೆ ಅದು ಜಾರುತ್ತಾ ಇರುತ್ತದೆ, ಹಿಡಿದು ಕೂರುವುದಿಲ್ಲ. ಕುದಿಯುವ ನೀರು ಬೇಡ, ಉಗುರು ಬೆಚ್ಚಗಿದ್ದರೆ ಸಾಕು. ಕುದಿಯುವ ನೀರಿಗೆ ಪ್ಲಾಸ್ಟಿಕ್ ಟ್ಯಾಂಕಾದರೆ ಹಾಳಾಗುತ್ತದೆ. ಪ್ಲಾಸ್ಟಿಕ್ಕಿಗೆ ಸ್ಪಿರಿಟ್ಟೂ ಆಗುವುದಿಲ್ಲ. ನಿಂಬೆ, ಕಿತ್ತಳೆ, ದಾಲ್ಚಿನ್ನಿ ಫ್ಲೇವರಿನ ಲಿಕ್ವಿಡ್‌ನಿಂದ ಪಾಲಿಕಾರ್ಬೊನೇಟ್ ಟ್ಯಾಂಕಿನಲ್ಲಿ ಕೂದಲೆಳೆಯಂಥ ಸೀಳು ಬರುತ್ತದೆ, ಅದೂ ಸೋರುವುದಕ್ಕೆ ಒಂದು ದಾರಿ.

ತೀರ್ಥಹಳ್ಳಿ_ರೆಡಿಂಗ್

ಎಲ್ಲರಿಗೂ ಥ್ಯಾಂಕ್ಸ್. ನೀಲಕ್ಕ ಹೇಳಿದ ಹಾಗೆ ತಟ್ಟೆಯಲ್ಲಿ ಬಿಚ್ಚಿ ಇಟ್ಟೆ. ಗಾಜಿನ ಮೇಲಿನ ರಿಂಗ್ ಒಂದು ಕಡೆ ಉರುಳಿ ಒಳಗೆ ಮಡಚಿಕೊಂಡಿತ್ತು, ಬರಿಗಣ್ಣಿಗೆ ಕಾಣಿಸ್ತಿರಲಿಲ್ಲ, ಟಾರ್ಚ್ ಹಾಕಿದ ಮೇಲೆ ಕಾಣಿಸಿತು. ತೆಗೆದು ಸರಿ ಕೂರಿಸಿದೆ. ಈಗ ನಿಲ್ಲಿಸಿಟ್ಟರೆ ಸೋರಲ್ಲ! ಆದರೆ ಗುಳುಗುಳು ಶಬ್ದ ಹಾಗೇ ಇದೆ. ಎಳೆದ ಮೇಲೆ ಸ್ವಲ್ಪ ತೂತಿನಲ್ಲಿ ಕಾಣಿಸಿಕೊಳ್ಳುತ್ತೆ.

ತುಮಕೂರು_ಮೆಕ್ಯಾನಿಕ್

ಒಂದು ಬಾಗಿಲು ಮುಚ್ಚಿತು, ಇನ್ನೊಂದು ಉಳಿದಿದೆ. ಗುಳುಗುಳು ಅಂದ್ರೆ ಚಿಮಣಿಯೊಳಗೆ, ಕಾಯಿಲ್ ಮಧ್ಯದ ತೂತಿನಲ್ಲಿ ಲಿಕ್ವಿಡ್ ನಿಂತಿದೆ, ಅದರೊಳಗಿಂದ ಗಾಳಿ ಎಳೀತಿದ್ದೀರಿ. ಮೊದಲು ಅದನ್ನ ಖಾಲಿ ಮಾಡಬೇಕು. ಟ್ಯಾಂಕನ್ನು ಬ್ಯಾಟರಿಯಿಂದ ಬಿಚ್ಚಿ. ಬ್ಯಾಟರಿ ಮೇಲೆ ಇಟ್ಟುಕೊಂಡು ಇದನ್ನ ಮಾಡಬಾರದು. ಗಾಳಿ ತೂತಿನ ಸುತ್ತ ಟಿಶ್ಯೂ ಹಿಡಿದು ಮೌತ್‌ಪೀಸ್‌ನಿಂದ ಮೆಲ್ಲಗೆ ಊದಿ, ನಿಂತದ್ದು ಕೆಳಗಿಂದ ಟಿಶ್ಯೂಗೆ ಬರುತ್ತೆ. ಆಮೇಲೆ ಮೌತ್‌ಪೀಸ್ ಕಿತ್ತು ಟಿಶ್ಯೂವನ್ನು ಬತ್ತಿ ಮಾಡಿ ಚಿಮಣಿಗೆ ಇಳಿಸಿ ತಿರುಗಿಸಿ ತೆಗೀರಿ. ಒಣಗಿ ಬರೋ ತನಕ ಮಾಡಿ.

ಈಗ ಯಾಕೆ ತುಂಬಿಕೊಳ್ಳುತ್ತೆ ಅನ್ನೋದು. ಹೊಸ ಕಾಯಿಲ್ ಹಾಕುವಾಗ ಮಧ್ಯದ ತೂತಿಗೆ ಲಿಕ್ವಿಡ್ ಹುಯ್ದಿರಾ? ಬಹಳ ಜನ ಹಾಗೆ ಮಾಡ್ತಾರೆ, ಅಂಗಡಿಯವರೂ ಹೇಳಿಕೊಡ್ತಾರೆ. ಅದು ಸೀದಾ ಕೆಳಗಿನ ಗಾಳಿ ದಾರಿಗೆ ಇಳಿಯುತ್ತೆ. ಪಕ್ಕದ ತೂತುಗಳಲ್ಲಿ ಹತ್ತಿ ಕಾಣುತ್ತಲ್ಲ, ಅಲ್ಲಿ ಒಂದೊಂದು ಹನಿ ಸಾಕು. ಟ್ಯಾಂಕ್ ತುಂಬಿಸಿದ ಮೇಲೆ ಹತ್ತು ನಿಮಿಷ ಸುಮ್ನೆ ಬಿಟ್ಟರೆ ಹತ್ತಿ ತಾನೇ ಕುಡಿಯುತ್ತೆ. ಬೇಗ ನೆನೆಯಲಿ ಅಂತ ಬಟನ್ ಒತ್ತದೆ ಮೇಲಿಂದ ಮೇಲೆ ಎಳೆದರೂ ಅಷ್ಟೇ, ಲಿಕ್ವಿಡ್ ಚಿಮಣಿಗೆ ಬರುತ್ತೆ.

ತುಂಬಿಸುವ ಕ್ರಮವೂ ಮುಖ್ಯ. ನಿಮ್ಮದು ಮೇಲಿಂದ ತುಂಬಿಸುವ ಟ್ಯಾಂಕ್ ಅಂತ ಅಂದುಕೊಂಡು ಹೇಳ್ತೀನಿ. ಮುಚ್ಚಳ ತೆಗೆಯೋ ಮುಂಚೆ, ಕೆಳಗಿನ ಗಾಳಿ ತೂತು ಮುಚ್ಚಿ ತೆರೆಯುವ ಏರ್‌ಫ್ಲೋ ರಿಂಗ್ ಪೂರ್ತಿ ಮುಚ್ಚಿ. ಮೇಲೆ ತೆರೆದ ತಕ್ಷಣ ಲಿಕ್ವಿಡನ್ನು ಹಿಡಿದಿದ್ದ ಕಮ್ಮಿ ಒತ್ತಡ ಹೋಗಿಬಿಡುತ್ತೆ, ಆಗ ಅದನ್ನ ತಡೆಯೋದು ಈ ಮುಚ್ಚಿದ ತೂತು ಮಾತ್ರ. ಅಂಚಿನ ತನಕ ತುಂಬಿಸಬೇಡಿ, ಮೇಲೆ ಸ್ವಲ್ಪ ಗಾಳಿಗೆ ಜಾಗ ಇರಲಿ. ಮುಚ್ಚಳ ಹಾಕಿ ತಿರುಗಿಸುವಾಗ ಒಳಗಿನ ಗಾಳಿ ಅದುಮಿಕೊಳ್ಳುತ್ತೆ. ಹಾಗಾಗಿ ಮುಚ್ಚಿದ ಮೇಲೆ ಟ್ಯಾಂಕನ್ನು ತಲೆಕೆಳಗೆ ಹಿಡಿದು ಏರ್‌ಫ್ಲೋ ತೆರೆಯಿರಿ, ಅದುಮಿದ ಗಾಳಿ ಕಾಯಿಲ್ ಮೂಲಕ ಹೊರಗೆ ಹೋಗುತ್ತೆ, ಲಿಕ್ವಿಡ್ ಹೋಗಲ್ಲ. ಆಮೇಲೆ ನೇರ ಮಾಡಿ. ನೇರ ಹಿಡಿದೇ ತೆರೆದರೆ ಆ ಗಾಳಿ ಲಿಕ್ವಿಡನ್ನು ತಳ್ಳುತ್ತೆ, ಕಾಯಿಲ್ ಮುಳುಗುತ್ತೆ, ಅದನ್ನೇ ಪ್ರವಾಹ (ಫ್ಲಡ್) ಅನ್ನೋದು.

ಮೈಸೂರು_ಕ್ರಾಯ್ಡನ್

ತುಮಕೂರಿನವರು ಹೇಳಿದ್ದಕ್ಕೆ ಒಂದು ಪರೀಕ್ಷೆ ಸೇರಿಸ್ತೀನಿ, ನಾನು ಪ್ರತಿ ಸಲ ಜೋಡಿಸಿದಾಗಲೂ ಮಾಡೋದು. ಲಿಕ್ವಿಡ್ ಹಾಕುವ ಮುಂಚೆ, ಕಾಯಿಲ್ ಇನ್ನೂ ಒಣಗಿರುವಾಗ, ಖಾಲಿ ಟ್ಯಾಂಕನ್ನು ಪೂರ್ತಿ ಜೋಡಿಸಿ. ಗಾಳಿ ತೂತುಗಳನ್ನೂ ಬ್ಯಾಟರಿಗೆ ತಾಗುವ ಕೆಳಗಿನ ಪಿನ್ ಭಾಗವನ್ನೂ ಬೆರಳಲ್ಲಿ ಮುಚ್ಚಿ ಮೌತ್‌ಪೀಸ್‌ನಿಂದ ಎಳೆಯಿರಿ. ಗಾಳಿ ಬರಲೇಬಾರದು, ತುಟಿಗೆ ಅಂಟಿಕೊಳ್ಳಬೇಕು. ಬಂದರೆ ಎಲ್ಲೋ ರಿಂಗ್ ಕೂತಿಲ್ಲ. ಒಣ ಹತ್ತಿಯ ಮೂಲಕ ಟ್ಯಾಂಕಿನ ಗಾಳಿ ಚಿಮಣಿಗೆ ಬರುತ್ತೆ, ಅದಕ್ಕೇ ಗಾಜಿನ ರಿಂಗ್ ಸಡಿಲ ಇದ್ದರೂ ಇದರಲ್ಲಿ ಗೊತ್ತಾಗುತ್ತೆ. ಹತ್ತಿ ಒದ್ದೆಯಾದ ಮೇಲೆ ಈ ಪರೀಕ್ಷೆ ಕೆಲಸಕ್ಕೆ ಬರಲ್ಲ. ಒಂದು ನಿಮಿಷದ ಕೆಲಸ, ಲಿಕ್ವಿಡ್ ಚೆಲ್ಲಲ್ಲ.

ಇನ್ನೊಂದು. ಹಳೇ ಕಾಯಿಲ್ ತೆಗೆದಾಗ ಅದರ ತಲೆಯಲ್ಲಿದ್ದ ಸಣ್ಣ ರಿಂಗ್ ಕಾಯಿಲ್ ಜೊತೆಗೇ ಬಂತಾ ನೋಡಿದಿರಾ? ಒಮ್ಮೊಮ್ಮೆ ಅದು ಚಿಮಣಿಯೊಳಗೇ ಅಂಟಿಕೊಂಡು ಉಳಿಯುತ್ತೆ. ಹೊಸ ಕಾಯಿಲ್ ಅದರ ಮೇಲೆ ಹೋಗಿ ವಾರೆಯಾಗಿ ಕೂರುತ್ತೆ, ಆಗ ಲಿಕ್ವಿಡ್ ಸೀದಾ ಚಿಮಣಿಗೆ. ಬಿಸಾಡಿದ ಕಾಯಿಲ್ ಇನ್ನೂ ಇದ್ದರೆ ತೆಗೆದು ನೋಡಿ.

ಹುಬ್ಬಳ್ಳಿ_ಬರ್ಮಿಂಗ್‌ಹ್ಯಾಮ್

ವ್ಯಾಟ್ ಮತ್ತು ಲಿಕ್ವಿಡ್ ಬಗ್ಗೆ ಯಾರೂ ಹೇಳಿಲ್ಲ ನೋಡ್ರಿ. ತೀರ್ಥಹಳ್ಳಿಯವರ 1.2 ಓಮ್‌ಗೆ ಫಿಫ್ಟಿ ಫಿಫ್ಟಿ ಸರಿಯಾಗೇ ಇದೆ. ಆದರೆ ಇದನ್ನ ಓದುವ ಬೇರೆಯವರಿಗೆ ಹೇಳ್ತೀನಿ. 0.15, 0.2 ಓಮ್ ದೊಡ್ಡ ಕಾಯಿಲ್‌ಗಳ ಹತ್ತಿ ತೂತು ದೊಡ್ಡದು, ಅದಕ್ಕೆ ವಿಜಿ 70 ಪಿಜಿ 30 ಅನ್ನುವ ದಪ್ಪ ಲಿಕ್ವಿಡ್ ಬೇಕು. ತೆಳ್ಳಗಿನದು ಹಾಕಿದರೆ ಯಾವ ರಿಂಗ್ ಸರಿ ಮಾಡಿದರೂ ಸೋರುತ್ತೆ. ಉಲ್ಟಾ ಆದರೆ, ಸಣ್ಣ ಕಾಯಿಲ್‌ಗೆ ದಪ್ಪನೇದು ಹಾಕಿದರೆ, ಹತ್ತಿಗೆ ಸಾಕಷ್ಟು ಬರದೆ ಸುಟ್ಟ ವಾಸನೆ.

ವ್ಯಾಟ್ ತೀರಾ ಕಮ್ಮಿ ಇಟ್ಟರೂ ತೊಂದರೆ. ಕಾಯಿಲ್‌ಗೆ ಬಂದ ಲಿಕ್ವಿಡ್ ಪೂರ್ತಿ ಆವಿ ಆಗಲ್ಲ, ಉಳಿದದ್ದು ಕೆಳಗೆ ಸೇರುತ್ತೆ. ಕಾಯಿಲ್ ಮೇಲೆ ವ್ಯಾಟ್ ಎಷ್ಟರಿಂದ ಎಷ್ಟು ಅಂತ ಬರೆದಿರ್ತಾರೆ, ಅದರ ನಡುಮಧ್ಯ ಇಟ್ಕೊಳ್ಳಿ. ಮತ್ತೆ ಎಳೆಯೋದು ಮೆಲ್ಲಗೆ. ಏರ್‌ಫ್ಲೋ ಬಿಗಿ ಇಟ್ಟುಕೊಂಡು ಸಿಗರೇಟು ಸೇದಿದ ಹಾಗೆ ಜೋರಾಗಿ ಎಳೆದರೆ ಆ ಎಳೆತಕ್ಕೇ ಲಿಕ್ವಿಡ್ ಹತ್ತಿಯಿಂದ ಕಿತ್ತುಕೊಂಡು ಬರುತ್ತೆ. ಹೊಸದಾಗಿ ಸಿಗರೇಟು ಬಿಟ್ಟವರೆಲ್ಲ ಮಾಡೋದು ಇದನ್ನೇ, ಅಭ್ಯಾಸ ಹೋಗೋಕೆ ಟೈಮ್ ಬೇಕು.

ದಾವಣಗೆರೆ_ಬಾಯ್

ಹಳೇ ಕಾಯಿಲ್ ತೊಳೆದು ಮತ್ತೆ ಹಾಕಬಹುದಾ? ಪ್ರತಿ ಸಲ ಹೊಸದು ತಗೊಳ್ಳೋದು ಖರ್ಚು.

ಪುತ್ತೂರು_ಗ್ಲಾಸ್ಗೋ

ಅಂಗಡಿಯಲ್ಲಿ ಸಿಗುವ ರೆಡಿ ಕಾಯಿಲ್ ಆದರೆ ಬೇಡ. ಒಳಗಿನ ಹತ್ತಿ ನೀರು ಹೀರಿದರೆ ಒಣಗುವುದಕ್ಕೆ ದಿನಗಟ್ಟಲೆ ಬೇಕು, ಒಣಗಿದ ಮೇಲೂ ಮೊದಲಿನ ಹಾಗೆ ಬಿಗಿಯಾಗಿ ಕೂರುವುದಿಲ್ಲ. ಹತ್ತಿ ಸಡಿಲವಾದರೆ ಲಿಕ್ವಿಡ್ ತಡೆಯುವವರು ಯಾರು? ಸಿಹಿ ಅಂಶ ಸುಟ್ಟು ಕಪ್ಪಾದದ್ದು ತಂತಿಯಿಂದ ಹೋಗುವುದೂ ಇಲ್ಲ. ಸಿಹಿ ಕಮ್ಮಿ ಇರುವ ಲಿಕ್ವಿಡ್ ಬಳಸಿದರೆ ಕಾಯಿಲ್ ಜಾಸ್ತಿ ದಿನ ಬರುತ್ತದೆ, ಉಳಿತಾಯ ಅಲ್ಲಿ ಮಾಡಿ.

ಕೈಯಾರೆ ತಂತಿ ಸುತ್ತಿ ಹತ್ತಿ ಹಾಕುವವರ ವಿಷಯ ಬೇರೆ. ಅದರಲ್ಲಿ ಪ್ರವಾಹಕ್ಕೆ ಮೊದಲ ಕಾರಣ ಹತ್ತಿ ಕಮ್ಮಿಯಾದದ್ದು. ಹತ್ತಿಯ ತುದಿ ಲಿಕ್ವಿಡ್ ಬರುವ ಕಂಡಿಯನ್ನು ತುಂಬಿ ಮುಚ್ಚಬೇಕು, ಆದರೆ ತುರುಕಿದ ಹಾಗೆ ಇರಬಾರದು. ಅದು ಕೈಗೆ ಬರಬೇಕಾದ ಹದ. ನಾನು ಈಗ ಗಾಳಿ ತೂತು ಮೇಲ್ಭಾಗದಲ್ಲಿರುವ ಟ್ಯಾಂಕ್ ಬಳಸುತ್ತಿದ್ದೇನೆ, ಗೀಕ್‌ವೇಪ್‌ನ ಝ್ಯೂಸ್ ಆ ಥರದ್ದು. ತೂತು ಲಿಕ್ವಿಡ್ ಮಟ್ಟಕ್ಕಿಂತ ಮೇಲಿರುವುದರಿಂದ ನಿಲ್ಲಿಸಿಟ್ಟರೆ ಸೋರುವ ಮಾತೇ ಇಲ್ಲ. ಮಲಗಿಸಿ ಜೇಬಿನಲ್ಲಿಟ್ಟರೆ ಮಾತ್ರ ನೋಡಿಕೊಳ್ಳಬೇಕು.

ಚಿಂತಾಮಣಿ_ಡಬ್ಲಿನ್

ನಡುವೆ ಬಂದದ್ದಕ್ಕೆ ಕ್ಷಮಿಸಿ. ಇಷ್ಟೆಲ್ಲ ಕಷ್ಟ ಯಾಕೆ, ಪೂರ್ತಿ ಬಿಟ್ಟುಬಿಡಿ ಅಲ್ವಾ? ಇದೂ ನಿಕೋಟಿನ್ನೇ. ಮನೆಯಲ್ಲಿ ಮಕ್ಕಳು ನೋಡ್ತಾರೆ.

ನೀಲಾ_ಲೆಸ್ಟರ್

ನಿಮ್ಮ ಕಾಳಜಿ ಅರ್ಥ ಆಗುತ್ತೆ. ಪೂರ್ತಿ ಬಿಡೋದೇ ಎಲ್ಲಕ್ಕಿಂತ ಒಳ್ಳೇದು, ಅದರಲ್ಲಿ ಎರಡು ಮಾತಿಲ್ಲ. ಸಿಗರೇಟು ಸೇದದವರು, ಹದಿನೆಂಟು ತುಂಬದವರು ಇದನ್ನ ಮುಟ್ಟಲೇಬಾರದು, ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್ ಕೂಡ ಹಾಗೇ ಹೇಳುತ್ತೆ. ಆದರೆ ಸಿಗರೇಟಿಗೆ ಹೋಲಿಸಿದರೆ ಅಪಾಯ ಬಹಳ ಕಮ್ಮಿ ಅಂತಲೂ, ಬಿಡೋಕೆ ಸಹಾಯ ಆಗುತ್ತೆ ಅಂತಲೂ ಅವರೇ ಹೇಳ್ತಾರೆ. ನಮ್ಮ ಮನೆಯವರು ಇಪ್ಪತ್ತರ ವಯಸ್ಸಿಂದ ಸೇದಿದವರು. ನಿಕೋಟಿನ್ ಪ್ಯಾಚ್ (ಚರ್ಮಕ್ಕೆ ಅಂಟಿಸುವ ಪಟ್ಟಿ) ಆಯ್ತು, ಚೂಯಿಂಗ್ ಗಮ್ ಆಯ್ತು, ಆಗಲಿಲ್ಲ. ಇದರಲ್ಲಿ ಸಿಗರೇಟು ನಿಂತಿತು. ಈಗ ಅವರ ಲಿಕ್ವಿಡ್‌ನ ನಿಕೋಟಿನ್ 20 ಮಿಲಿಗ್ರಾಂನಿಂದ 6ಕ್ಕೆ ಇಳಿದಿದೆ. ಟ್ಯಾಂಕ್ ಸೋರಿ ಬೇಸತ್ತು ಒಂದು ಪ್ಯಾಕ್ ಸಿಗರೇಟು ತಂದರೆ ಇಷ್ಟು ದಿನದ್ದೆಲ್ಲ ನೀರಲ್ಲಿ ಹೋಮ. ಅದಕ್ಕೇ ನಾನು ಈ ರಿಂಗ್‌ಗಳ ಬಗ್ಗೆ ಇಷ್ಟು ತಲೆ ಕೆಡಿಸಿಕೊಳ್ಳೋದು.

ಮಕ್ಕಳ ಮಾತು ನೀವು ಎತ್ತಿದ್ದು ಒಳ್ಳೇದಾಯ್ತು. ಸೋರುವ ಟ್ಯಾಂಕ್ ಮಕ್ಕಳಿರುವ ಮನೆಯಲ್ಲಿ ಬರೀ ಜಿಗುಟಿನ ವಿಷಯ ಅಲ್ಲ. ಅದು ಹಣ್ಣಿನ ವಾಸನೆ ಬರುವ ವಿಷ. ಟೀಪಾಯಿ ಮೇಲೆ ಬಿದ್ದ ಹನಿಯನ್ನ ತಕ್ಷಣ ಒರೆಸಿ, ಆ ಟಿಶ್ಯೂವನ್ನ ಕಟ್ಟಿ ಮುಚ್ಚಳದ ಡಬ್ಬಕ್ಕೆ ಹಾಕಿ. ತೊಳೆಯುವ ಕೆಲಸ ಮಕ್ಕಳು ಮಲಗಿದ ಮೇಲೆ ಮಾಡಿ. ಅಡುಗೆ ಪಾತ್ರೆ ಬಳಸಬೇಡಿ, ತಟ್ಟೆ, ಬಟ್ಟಲು ಬೇರೆಯೇ ಇಡಿ. ಮಗು ಬಾಯಿಗೆ ಹಾಕಿಕೊಂಡಿತು ಅಂತ ಅನುಮಾನ ಬಂದರೂ ಕಾಯಬೇಡಿ, ಯುಕೆಯಲ್ಲಿ ಆರೋಗ್ಯ ಸಹಾಯವಾಣಿ 111ಕ್ಕೆ ಕರೆ ಮಾಡಿ, ಮಗು ಮಂಕಾದರೆ, ವಾಂತಿ ನಿಲ್ಲದಿದ್ದರೆ, ಉಸಿರಾಟ ಕಷ್ಟ ಆದರೆ ಸೀದಾ ತುರ್ತು ಸೇವೆ 999.

ಚಿಂತಾಮಣಿ_ಡಬ್ಲಿನ್

ಸರಿ ಅಕ್ಕ, ಅರ್ಥ ಆಯ್ತು. ನಿಮ್ಮ ಯಜಮಾನರಿಗೆ ಒಳ್ಳೇದಾಗಲಿ.

ತೀರ್ಥಹಳ್ಳಿ_ರೆಡಿಂಗ್

ಮೈಸೂರಿನವರೇ, ನೀವು ಹೇಳಿದ್ದೇ ಆಗಿದೆ. ಕಸದ ಡಬ್ಬದಿಂದ ಹಳೇ ಕಾಯಿಲ್ ತೆಗೆದು ನೋಡಿದೆ, ತಲೆಯಲ್ಲಿ ರಿಂಗ್ ಇಲ್ಲ, ಅದು ಕೂರುವ ಬರೀ ತೋಡು ಇದೆ. ಚಿಮಣಿಗೆ ಟಾರ್ಚ್ ಹಿಡಿದೆ, ಒಳಗೆ ಗೋಡೆಗೆ ಕಂದು ಬಣ್ಣದ ಒಂದು ಸಣ್ಣ ಬಳೆ ಅಂಟಿಕೊಂಡು ಕೂತಿತ್ತು, ಲಿಕ್ವಿಡ್ ಕುಡಿದು ಬಣ್ಣ ಬದಲಾಗಿ ಲೋಹದ ಜೊತೆ ಬೆರೆತು ಹೋಗಿತ್ತು. ಹಲ್ಲುಕಡ್ಡಿಯಲ್ಲಿ ಮೆಲ್ಲಗೆ ಎಬ್ಬಿಸಿದೆ. ಮತ್ತೊಂದು ಹೊಸ ಕಾಯಿಲ್ ಹಾಕಿ, ಒಣ ಪರೀಕ್ಷೆ ಮಾಡಿದೆ, ತುಟಿಗೆ ಅಂಟಿಕೊಂಡಿತು. ತಲೆಕೆಳಗೆ ಹಿಡಿದು ಏರ್‌ಫ್ಲೋ ತೆರೆದೆ. ನಿನ್ನೆಯಿಂದ ಶಬ್ದ ಇಲ್ಲ, ಟಿಶ್ಯೂ ಒಣಗಿದೆ.

ಈಗ ಇನ್ನೊಂದು ಪ್ರಶ್ನೆ. ಮುಂದಿನ ತಿಂಗಳು ತಂಗಿ ಮದುವೆಗೆ ಊರಿಗೆ ಹೋಗ್ತಿದ್ದೀನಿ. ವಿಮಾನದಲ್ಲಿ ಟ್ಯಾಂಕ್ ಸೋರುತ್ತೆ ಅಂತಾರೆ, ಹೇಗೆ ಒಯ್ಯೋದು?

ತುಮಕೂರು_ಮೆಕ್ಯಾನಿಕ್

ಒಯ್ಯಲೇಬೇಡಿ. ಸೋರುವುದು ದೊಡ್ಡ ವಿಷಯ ಅಲ್ಲ ಇಲ್ಲಿ. ಕರ್ನಾಟಕದಲ್ಲಿ 2016ರಲ್ಲೇ ಇ-ಸಿಗರೇಟು ಮಾರಾಟ ನಿಲ್ಲಿಸಿದ್ದರು. 2019ರಲ್ಲಿ ಇಡೀ ದೇಶಕ್ಕೆ ಕಾನೂನು ಬಂತು, ಮೊದಲು ಸೆಪ್ಟೆಂಬರಿನಲ್ಲಿ ಸುಗ್ರೀವಾಜ್ಞೆ, ಡಿಸೆಂಬರಿನಲ್ಲಿ ಕಾಯ್ದೆ. ತಯಾರಿಕೆ, ಮಾರಾಟ, ಸಾಗಣೆ, ಜಾಹೀರಾತು, ಆಮದು ಎಲ್ಲ ನಿಷೇಧ. ಮೊದಲ ಸಲಕ್ಕೆ ಒಂದು ವರ್ಷದ ತನಕ ಜೈಲು ಅಥವಾ ಒಂದು ಲಕ್ಷ ರೂಪಾಯಿ ತನಕ ದಂಡ ಅಥವಾ ಎರಡೂ. ನನ್ನ ಒಬ್ಬನ ಬಳಕೆಗೆ ಅಂತ ವಿಮಾನ ನಿಲ್ದಾಣದಲ್ಲಿ ವಾದ ಮಾಡೋಕೆ ಹೋಗಬೇಡಿ. ಮದುವೆ ಮನೆಗೆ ಹೋಗೋ ಹೊತ್ತಲ್ಲಿ ಕಸ್ಟಮ್ಸ್ ಆಫೀಸಲ್ಲಿ ಕೂರೋದು ಬೇಡ.

ಮದುವೆ ಮನೆ ಅಂದ್ರೆ ಊಟ ಆದ ಮೇಲೆ ಛತ್ರದ ಹಿಂದೆ ಸಿಗರೇಟು ಹಚ್ಚುವ ಹಳೇ ಗೆಳೆಯರು ಇದ್ದೇ ಇರ್ತಾರೆ. ಅದಕ್ಕೆ ಈಗಲೇ ತಯಾರಾಗಿ. ಇಲ್ಲಿಂದ ಹೋಗುವಾಗ ಜಿಪಿ (ಮನೆ ಡಾಕ್ಟರ್) ಅಥವಾ ಫಾರ್ಮಸಿಯಲ್ಲಿ ಕೇಳಿ ಪ್ಯಾಚ್ ತಗೊಂಡು ಹೋಗಿ. ಊರಿನ ಮೆಡಿಕಲ್ ಸ್ಟೋರಲ್ಲಿ 2 ಮಿಲಿಗ್ರಾಂ ನಿಕೋಟಿನ್ ಗಮ್ ಸಿಗುತ್ತೆ. ಸಿಗರೇಟಿನ ಪ್ಯಾಕ್ ಮೇಲೆ 1800-11-2356 ಅಂತ ನಂಬರ್ ಅಚ್ಚಾಗಿರುತ್ತೆ, ಅದು ತಂಬಾಕು ಬಿಡಿಸುವ ಸರ್ಕಾರಿ ಸಹಾಯವಾಣಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಅದರ ಕೇಂದ್ರ ಇದೆ, ಕನ್ನಡದಲ್ಲೇ ಮಾತಾಡ್ತಾರೆ, ಕರೆ ಉಚಿತ.

ಮೈಸೂರು_ಕ್ರಾಯ್ಡನ್

ವೇಪ್‌ಗೆ ಅನುಮತಿ ಇರುವ ದೇಶಕ್ಕೆ ಹೋಗುವವರಿಗೆ ಮಾತ್ರ ಇದು. ಮೇಲೇರಿದ ವಿಮಾನದೊಳಗಿನ ಗಾಳಿ ಒತ್ತಡ ನೆಲದ ಮೇಲಿನಷ್ಟು ಇರಲ್ಲ, ಆರರಿಂದ ಎಂಟು ಸಾವಿರ ಅಡಿ ಎತ್ತರದ ಬೆಟ್ಟದ ಮೇಲಿದ್ದಷ್ಟು ಇರುತ್ತೆ. ಟ್ಯಾಂಕಿನೊಳಗೆ ಉಳಿದ ಗಾಳಿ ಹಿಗ್ಗಿ ಲಿಕ್ವಿಡನ್ನು ಹೊರಗೆ ನೂಕುತ್ತೆ. ಖಾಲಿ ಮಾಡಿ, ಒರೆಸಿ, ಜಿಪ್ ಚೀಲದಲ್ಲಿ ಹಾಕಿ ಒಯ್ಯುವುದೇ ಸರಿ. ಬ್ಯಾಟರಿ ಇರುವ ಕಾರಣ ಅದು ಕೈ ಚೀಲದಲ್ಲೇ ಇರಬೇಕು, ಚೆಕ್-ಇನ್ ಲಗೇಜಿಗೆ ಹಾಕಬಾರದು. ವಿಮಾನದಲ್ಲಿ ಸೇದುವ ಹಾಗಿಲ್ಲ, ಚಾರ್ಜ್ ಮಾಡುವ ಹಾಗಿಲ್ಲ.

ಒತ್ತಡದ ಇದೇ ಆಟ ಮನೆಯಲ್ಲೂ ಆಗುತ್ತೆ. ಚಳಿಯಲ್ಲಿ ಕಾರಿನಲ್ಲಿಟ್ಟ ಟ್ಯಾಂಕನ್ನು ಹೀಟರ್ ಹಾಕಿದ ರೂಮಿಗೆ ತಂದರೆ ಒಳಗಿನ ಗಾಳಿ ಹಿಗ್ಗುತ್ತೆ, ಲಿಕ್ವಿಡೂ ತೆಳ್ಳಗಾಗುತ್ತೆ. ಬಂದ ಮೇಲೆ ಸ್ವಲ್ಪ ಹೊತ್ತು ತಲೆಕೆಳಗೆ ಇಡಿ.

ಹುಬ್ಬಳ್ಳಿ_ಬರ್ಮಿಂಗ್‌ಹ್ಯಾಮ್

ತೀರ್ಥಹಳ್ಳಿಯವರೇ, ಅಷ್ಟು ಸೋರಿದೆ ಅಂದ ಮೇಲೆ ಬ್ಯಾಟರಿ ಕಡೆ ಒಮ್ಮೆ ನೋಡಿದಿರೇನ್ರಿ? ಟ್ಯಾಂಕ್ ಕೂರುವ ತಿರುಪಿನ ಗುಂಡಿ ಇದೆಯಲ್ಲ, 510 ಅಂತಾರೆ, ಅಲ್ಲಿ ಲಿಕ್ವಿಡ್ ಇಳಿದು ಪಿನ್ ಸುತ್ತ ನಿಂತಿರುತ್ತೆ. ಆಫ್ ಮಾಡಿ, ಒಣ ಇಯರ್‌ಬಡ್‌ನಲ್ಲಿ ಒರೆಸಿ. ನೀರು ಹಾಕಬೇಡಿ. ಚಾರ್ಜಿಂಗ್ ತೂತಿಗೋ ಬಟನ್ ಸಂದಿಗೋ ಹೋಗಿದೆ ಅಂತ ಅನಿಸಿದರೆ ಚಾರ್ಜಿಗೆ ಹಾಕಲೇಬೇಡಿ. ಬಟನ್ ತಾನೇ ಒತ್ತಿಕೊಳ್ಳುತ್ತೆ, ಬಿಸಿ ಆಗುತ್ತೆ ಅಂದ್ರೆ ಆ ಬ್ಯಾಟರಿ ಮುಗೀತು. ಲಿಥಿಯಂ ವಿಷಯದಲ್ಲಿ ನೋಡೋಣ ಬಿಡು ಅನ್ನೋ ಮಾತು ಬೇಡ. ಅಂಥದನ್ನ ಮನೆ ಕಸಕ್ಕೂ ಹಾಕಬಾರದು, ವೇಪ್ ಮಾರುವ ಅಂಗಡಿಯವರು ಹಳೇದನ್ನ ವಾಪಸ್ ತಗೋಬೇಕು ಅಂತ ಇಲ್ಲಿ ನಿಯಮ ಇದೆ.

ತೀರ್ಥಹಳ್ಳಿ_ರೆಡಿಂಗ್

ನೋಡಿದೆ, ಪಿನ್ ಸುತ್ತ ಸ್ವಲ್ಪ ಇತ್ತು, ಒರೆಸಿದೆ. ಬಿಸಿ ಆಗ್ತಿಲ್ಲ, ಬಟನ್ ಸರಿಯಿದೆ. ಊರಿಗೆ ವೇಪ್ ಒಯ್ಯಲ್ಲ, ಇವತ್ತೇ ಫಾರ್ಮಸಿಗೆ ಹೋಗಿ ಪ್ಯಾಚ್ ಕೇಳ್ತೀನಿ. ಕೊನೇದೊಂದು ಕೇಳ್ತೀನಿ ನೀಲಕ್ಕ, ಆ ಮಡಚಿದ್ದ ರಿಂಗಿನಲ್ಲಿ ಒಂದು ಗೆರೆ ಬಿದ್ದಿದೆ. ಬದಲಾಯಿಸಬೇಕಾ?

ನೀಲಾ_ಲೆಸ್ಟರ್

ಬದಲಾಯಿಸಿ. ಈಗ ನಿಂತಿರಬಹುದು, ಮುಂದಿನ ಸಲ ಬಿಚ್ಚಿದಾಗ ಆ ಗೆರೆಯಲ್ಲೇ ಹರಿಯುತ್ತೆ. ಟ್ಯಾಂಕ್ ಕೊಂಡಾಗ ಡಬ್ಬದ ತಳದಲ್ಲಿ ಸಣ್ಣ ಪ್ಲಾಸ್ಟಿಕ್ ಚೀಲ ಇರುತ್ತೆ, ಅದರಲ್ಲಿ ಹೆಚ್ಚುವರಿ ರಿಂಗ್‌ಗಳು ಇರ್ತಾವೆ, ಬಹಳ ಜನ ಅದನ್ನ ನೋಡದೇ ಡಬ್ಬ ಬಿಸಾಡ್ತಾರೆ. ಸಿಗದಿದ್ದರೆ ನಿಮ್ಮ ಟ್ಯಾಂಕಿನ ಹೆಸರು ಹೇಳಿ ಅದರದ್ದೇ ಸೆಟ್ ತರಿಸಿ. ಅಳತೆ ಅಂದಾಜು ಮಾಡಿ ಹಾರ್ಡ್‌ವೇರ್ ಅಂಗಡಿಯ ರಬ್ಬರ್ ರಿಂಗ್ ಹಾಕಬೇಡಿ, ಅದು ಬಾಯಿಗೆ ಹೋಗುವ ವಸ್ತುವಿಗೆ ಅಂತ ಮಾಡಿದ್ದಲ್ಲ. ತಿಂಗಳಿಗೊಮ್ಮೆ ಪೂರ್ತಿ ಬಿಚ್ಚಿ ತೊಳೆದರೆ ಸಾಕು. ನಡುವೆ ಬರೀ ಚಿಮಣಿಗೆ ಟಿಶ್ಯೂ ಬತ್ತಿ ಹಾಕಿ ಒರೆಸಿ, ಹೊರಗೆ ಒರೆಸಿ. ಬಿಚ್ಚಿದಷ್ಟೂ ರಿಂಗ್ ಸವೆಯುತ್ತೆ.